ಸುಂಕದ ಕಟ್ಟೆ ಇಲ್ಲದ ಸೇತುವೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂದು ನಮ್ಮ ಹಿರಿಯರು ಹೇಳಿದ್ದಾರೆ. ಸುಂಕದವನೇ ಇಲ್ಲದ ಕಡೆ ಅದನ್ನು ಯಾರ ಮುಂದೆ ಹೇಳಿಕೊಳ್ಳಬೇಕೆಂಬುದನ್ನು ಮಾತ್ರ ಅವರು ತಿಳಿಸಿಲ್ಲ. ಅವರ ಕಾಲಕ್ಕೆ ಅಂಥ ಪ್ರಸಂಗ ಬಂದಿರಲಾರದು. ನನಗೆ ಬಂದಿತು. 2023ರ ಬೇಸಗೆಯಲ್ಲಿ ಎರಡು ತಿಂಗಳು ಮಗಳ ಮನೆಯಲ್ಲಿದ್ದು ಬರೋಣವೆಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರಕ್ಕೆ ಹೋಗಿದ್ದಾಗ, ಅವಳ ಕಾರು ಜರ್ಮನಿಯಿಂದ ಫ್ರಾನ್ಸಿಗೆ ಬರುವ ಸಂಭ್ರಮವನ್ನು ಕಣ್ಣಾರೆ ಕಂಡೆ. ನಾನು ಹೋಗುವ ಹೊತ್ತಿಗೆ ಕಾರು ಬಂದು ಮೂರು ವಾರಗಳಾಗಿದ್ದುವು. ದಿನವೂ ಮನೆಯ ಮುಂದೆಯೇ ನಿಲ್ಲುತ್ತಿತ್ತು. ಆದರೂ ಅದು ಇನ್ನೂ ಬಂದಿರಲಿಲ್ಲ.

ಈ ಮಾತು ಅರ್ಥವಾಗಬೇಕಾದರೆ ಆ ಊರಿನ ನೆಲೆಯನ್ನು ಓದುಗರು ಸ್ವಲ್ಪ ತಿಳಿದಿರಬೇಕು. ಸ್ಟ್ರಾಸ್‌ಬರ್ಗ್ ರೈನ್ ನದಿಯ ಪಶ್ಚಿಮದ ದಡದಲ್ಲಿದೆ. ಎದುರು ದಡದ ಕೇಲ್ ಎಂಬ ಪುಟ್ಟ ಊರು ಜರ್ಮನಿಗೆ ಸೇರಿದ್ದು. ನಡುವೆ 1960ರಲ್ಲಿ ತೆರೆದ, ಯೂರೋಪಿನ ಹೆಸರನ್ನೇ ಹೊತ್ತ ಸೇತುವೆ. 2017ರಿಂದ ಟ್ರ್ಯಾಮೂ ನದಿಯನ್ನು ದಾಟುತ್ತದೆ. ಈ ನಗರ 1871ರಲ್ಲಿ ಜರ್ಮನಿಯ ಪಾಲಾಯಿತು, ಮೊದಲ ಮಹಾಯುದ್ಧ ಮುಗಿದ 1918ರಲ್ಲಿ ಫ್ರಾನ್ಸಿನ ಪಾಲಾಯಿತು, 1940ರಲ್ಲಿ ಮತ್ತೆ ಜರ್ಮನಿ, 1944ರಲ್ಲಿ ಮತ್ತೆ ಫ್ರಾನ್ಸ್. ಮನೆಯ ಹೊಸ್ತಿಲು ದಾಟದೆಯೇ ನಾಲ್ಕು ಬಾರಿ ದೇಶ ಬದಲಾಯಿಸಿದ ಮುದುಕರು ಆ ಊರಿನಲ್ಲಿ ಆಗಿಹೋಗಿದ್ದಾರೆ. ಇನ್ನು ಮುಂದೆ ಹಾಗಾಗಬಾರದೆಂಬ ಹಂಬಲದಿಂದಲೇ ಯೂರೋಪಿನ ಪಾರ್ಲಿಮೆಂಟನ್ನು ಅಲ್ಲಿ ಕೂಡಿಸುತ್ತಾರೆ. ಒಕ್ಕೂಟದ ಒಳಗಡಿಗಳಲ್ಲಿ ಸರಕಿಗೆ ಸುಂಕದ ತಪಾಸಣೆ ಇರಕೂಡದೆಂದು ಗೊತ್ತಾದದ್ದು 1993ರ ಜನವರಿ 1ರಂದು. ನಾವು ಆ ಸೇತುವೆಯನ್ನು ಎಷ್ಟೋ ಸಲ ದಾಟಿದೆವು. ಒಬ್ಬರೂ ಕೈ ಅಡ್ಡ ಹಿಡಿಯಲಿಲ್ಲ.

ನನ್ನ ಮಗಳು ದಾದಿ. ಆಚೆಯ ದಡದಿಂದ ಸುಮಾರು 20 ಕಿಲೋಮೀಟರು ದೂರದ ಆಫೆನ್‌ಬುರ್ಗ್‌ನಲ್ಲಿ ಅವಳ ಆಸ್ಪತ್ರೆ. ಅಳಿಯನಿಗೆ ಸ್ಟ್ರಾಸ್‌ಬರ್ಗಿನಲ್ಲಿ ಕೆಲಸ ದೊರೆತದ್ದರಿಂದ ಸಂಸಾರ ಈಚೆಗೆ ಬಂದಿತು. ಅವಳ ಕೆಲಸ ಆಚೆಯೇ ಉಳಿಯಿತು. ಬೆಳಗಿನ ಪಾಳಿ ಆರು ಗಂಟೆಗೆ. ಆ ಹೊತ್ತಿಗೆ ತಲುಪಿಸುವ ರೈಲಿಲ್ಲವಾದ್ದರಿಂದ ಕಾರಿಲ್ಲದೆ ಕೆಲಸವಿಲ್ಲ. ಹೀಗಾಗಿ ಆ ಕಾರು ಹಗಲೆಲ್ಲ ಜರ್ಮನಿಯಲ್ಲಿ ಇರುತ್ತಿತ್ತು, ರಾತ್ರಿ ಫ್ರಾನ್ಸಿನಲ್ಲಿ. ಆದರೆ ಕಾನೂನು ಕೇಳುವುದು ಕಾರು ಎಲ್ಲಿ ಓಡುತ್ತದೆಂದಲ್ಲ, ಅದರ ಒಡೆಯ ಎಲ್ಲಿ ನೆಲೆಸಿದ್ದಾನೆಂದು. ವರ್ಷದಲ್ಲಿ 185 ದಿನ ಯಾವ ದೇಶದಲ್ಲಿ ಬಾಳುತ್ತೇವೆಯೋ ಅದೇ ನಮ್ಮ ನೆಲೆ ಎಂಬುದು ಒಕ್ಕೂಟದ ಸಾಮಾನ್ಯ ಲೆಕ್ಕ. ಫ್ರಾನ್ಸಿಗೆ ನೆಲೆ ಬದಲಾಯಿಸಿದವರು ಒಂದು ತಿಂಗಳೊಳಗೆ ತಮ್ಮ ವಾಹನವನ್ನು ಅಲ್ಲಿ ನೋಂದಾಯಿಸಿಕೊಳ್ಳಬೇಕು. ಮೂರು ವಾರ ಕಳೆದಿತ್ತೆಂದೆನಲ್ಲ; ಉಳಿದದ್ದು ಒಂದು ವಾರ.

"ಬರೀ ಕಾಗದ ತಾನೆ, ಕೊಟ್ಟರಾಯಿತು" ಎಂದೆ ನಾನು. ಮೂವತ್ತು ವರ್ಷ ಸರ್ಕಾರಿ ದಫ್ತರಿನಲ್ಲಿ ಕುಳಿತು ಬಂದವನ ಧೈರ್ಯ ಅದು. ಮಗಳು ನಕ್ಕು, "ಅಪ್ಪ, ನೀವೇ ಕೂತು ಜೋಡಿಸಿಕೊಡಿ ಹಾಗಾದರೆ" ಎಂದು ಒಂದು ನೀಲಿ ಫೈಲನ್ನು ನನ್ನ ಮುಂದಿಟ್ಟು ಪಾಳಿಗೆ ಹೋದಳು.

ಜೋಡಿಸಲು ಕುಳಿತೆ. ಮೊದಲು ಬೇಕಾದದ್ದು ತೆರಿಗೆ ಕಚೇರಿಯ ಒಂದು ಚೀಟಿ. ಈ ವಾಹನದ ಮೌಲ್ಯವರ್ಧಿತ ತೆರಿಗೆಯ ವಿಷಯದಲ್ಲಿ ನಮ್ಮ ತಕರಾರಿಲ್ಲ ಎಂದು ಅವರು ಬರೆದುಕೊಡಬೇಕು. ಅದನ್ನು ಅಲ್ಲಿ 'ಕಿತುಸ್' ಎನ್ನುತ್ತಾರೆ. ಮೊದಲ ಬಾರಿ ರಸ್ತೆಗಿಳಿದು ಆರು ತಿಂಗಳು ಕಳೆದಿರದ, ಅಥವಾ 6000 ಕಿಲೋಮೀಟರಿಗಿಂತ ಹೆಚ್ಚು ಓಡಿರದ ಕಾರು ಒಕ್ಕೂಟದ ಕಣ್ಣಿನಲ್ಲಿ 'ಹೊಸದು'; ಅದಕ್ಕೆ ಈ ತೆರಿಗೆಯನ್ನು ಹೋಗಿ ಸೇರುವ ದೇಶದಲ್ಲಿ ಕೊಡಬೇಕು. ಮಗಳ ಕಾರಿಗೆ ಐದು ವರ್ಷ, ಓಡಿದ್ದು 70,000 ಕಿಲೋಮೀಟರು. ಕೊಡಬೇಕಾದದ್ದೇನೂ ಇಲ್ಲ. ಕೊಡಬೇಕಾದದ್ದೇನೂ ಇಲ್ಲವೆಂಬುದಕ್ಕೆ ಚೀಟಿ ಮಾತ್ರ ಬೇಕು.

ಆ ಚೀಟಿಗಾಗಿ ಕಳಿಸಿದ್ದ ಅರ್ಜಿ ಹಿಂದಕ್ಕೆ ಬಂದಿತ್ತು. ಮನೆಯ ವಿಳಾಸಕ್ಕೆ ಪುರಾವೆಯಾಗಿ ಲಗತ್ತಿಸಿದ್ದ ವಿದ್ಯುತ್ತಿನ ಬಿಲ್ಲು ಅಳಿಯನ ಹೆಸರಿನಲ್ಲಿತ್ತು. ಹಾಗಿದ್ದರೆ, ಈಕೆಯನ್ನು ನನ್ನ ಮನೆಯಲ್ಲಿ ಇರಿಸಿಕೊಂಡಿದ್ದೇನೆಂದು ಮನೆಯವನು ಬರೆದು, ರುಜು ಹಾಕಿ, ತನ್ನ ಗುರುತಿನ ಕಾಗದದ ನಕಲನ್ನೂ ಜೊತೆಗಿಡಬೇಕು. ಅಗ್ನಿಸಾಕ್ಷಿಯಾಗಿ ಕೈಹಿಡಿದವಳಿಗೆ ಆಶ್ರಯ ಕೊಟ್ಟಿದ್ದೇನೆಂದು ನನ್ನ ಅಳಿಯ ಊಟದ ಮೇಜಿನ ಮೇಲೆ ಮುಚ್ಚಳಿಕೆ ಬರೆದುಕೊಟ್ಟ ದಿನ ನಾವೆಲ್ಲ ನಕ್ಕೆವು. ಎರಡನೆಯ ಬಾರಿ ಅಂಚೆಗೆ ಹಾಕಿ ಎರಡು ವಾರ ಕಾಯುವಾಗ ಯಾರೂ ನಗಲಿಲ್ಲ. ತಿಂಗಳ ಗಡುವು ಆ ನಡುವೆಯೇ ಕಳೆದುಹೋಯಿತು.

ಇನ್ನು ವಾಹನದ ಯೋಗ್ಯತಾಪತ್ರ. ನಾಲ್ಕು ವರ್ಷ ಮೀರಿದ ಕಾರಿನ ತಪಾಸಣೆ ನಡೆದು ಆರು ತಿಂಗಳು ಮೀರಿರಬಾರದೆಂಬುದು ಫ್ರಾನ್ಸಿನ ನೋಂದಣಿಯ ನಿಯಮ. ಜರ್ಮನಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ತಪಾಸಣೆ ಈ ಕಾರಿಗೆ ಎಂಟು ತಿಂಗಳ ಹಿಂದೆ ಆಗಿತ್ತು. ಅಂದರೆ ಇನ್ನೂ 16 ತಿಂಗಳ ಕಾಲ ಆಚೆಯ ದಡದಲ್ಲಿ ಅದರ ಬ್ರೇಕು ಗಟ್ಟಿ. ಈಚೆಯ ದಡದಲ್ಲಿ ಮಾತ್ರ ಸಂದೇಹ. ತಪಾಸಣೆಯನ್ನು ಮತ್ತೆ ಮಾಡಿಸಿದೆವು. ಯಾವ ದೋಷವೂ ಕಾಣಲಿಲ್ಲ.

ಒಳ್ಳೆಯ ಮಾತನ್ನೂ ಹೇಳಬೇಕು. 1999ರ ಒಂದು ನಿರ್ದೇಶನದಿಂದಾಗಿ ಒಕ್ಕೂಟದ ಎಲ್ಲ ದೇಶಗಳ ನೋಂದಣಿ ಪತ್ರಗಳಲ್ಲಿಯೂ ಒಂದೇ ಬಗೆಯ ಸಂಕೇತಾಕ್ಷರಗಳಿವೆ. ಬಿ ಎಂದರೆ ಮೊದಲ ನೋಂದಣಿಯ ದಿನ, ಇ ಎಂದರೆ 17 ಅಕ್ಷರ-ಅಂಕೆಗಳ ಚಾಸಿಸ್ ಸಂಖ್ಯೆ, ಕೆ ಎಂದರೆ ಆ ಮಾದರಿಗೆ ಯೂರೋಪಿನಲ್ಲಿ ದೊರೆತ ಒಪ್ಪಿಗೆಯ ಸಂಖ್ಯೆ. ಜರ್ಮನ್ ಭಾಷೆಯ ಒಂದಕ್ಷರ ಬಾರದ ನಾನು ಆ ಪತ್ರವನ್ನು ಸಲೀಸಾಗಿ ಓದಿದೆ. ಯಾರೋ ಕುಳಿತು ಇಷ್ಟು ಯೋಚನೆ ಮಾಡಿದ್ದಾರಲ್ಲ ಎಂದು ಸಂತೋಷವಾಯಿತು.

ನಿಜವಾದ ಗಂಟು ಬೇರೆಯಿತ್ತು. ಜರ್ಮನಿಯ ನೋಂದಣಿ ಪತ್ರಕ್ಕೆ ಎರಡು ಭಾಗ. ಮೊದಲನೆಯದು ಕಾರಿನ ಜೊತೆಗೆ ಓಡಾಡುವಂಥದು. ಎರಡನೆಯದನ್ನು ಮನೆಯಲ್ಲಿ ಜೋಪಾನವಾಗಿಡಬೇಕು. ಕಾರನ್ನು ಸಾಲ ಮಾಡಿ ಕೊಂಡಿದ್ದರೆ ಅದು ಸಾಲ ಕೊಟ್ಟವರ ಪೆಟ್ಟಿಗೆಯಲ್ಲಿರುತ್ತದೆ. ಮಗಳ ಸಾಲ ತೀರಲು ಇನ್ನೂ ಒಂದೂವರೆ ವರ್ಷವಿತ್ತು. ಫ್ರಾನ್ಸಿನವರಿಗೆ ಎರಡೂ ಭಾಗ ಬೇಕು. ಬ್ಯಾಂಕಿಗೆ ಬರೆದಳು. ಪತ್ರವನ್ನು ವ್ಯಕ್ತಿಯ ಕೈಗೆ ಕೊಡುವ ಪದ್ಧತಿಯಿಲ್ಲ, ಅಲ್ಲಿನ ನೋಂದಣಿ ಕಚೇರಿಯ ವಿಳಾಸ ತಿಳಿಸಿದರೆ ನೇರವಾಗಿ ಕಳಿಸುತ್ತೇವೆ ಎಂದು ಬಹಳ ಸೌಜನ್ಯದ ಉತ್ತರ ಬಂದಿತು. ತಿಳಿಸಲು ವಿಳಾಸವೆಲ್ಲಿ? ಫ್ರಾನ್ಸಿನಲ್ಲಿ ಈ ಕೆಲಸದ ಕಿಟಕಿಗಳನ್ನು 2017ರ ನವೆಂಬರಿನಲ್ಲಿಯೇ ಮುಚ್ಚಿದ್ದಾರೆ. ಎಲ್ಲವೂ ಗಣಕಯಂತ್ರದ ಮೂಲಕ, ಇಲ್ಲವೆ ಪರವಾನಗಿ ಪಡೆದ ವ್ಯಾಪಾರಿಯ ಮೂಲಕ. ಬ್ಯಾಂಕಿಗೆ ಕಚೇರಿಯಲ್ಲದೆ ಬೇರೆಯವರಲ್ಲಿ ನಂಬಿಕೆಯಿಲ್ಲ. ಕಚೇರಿಗೆ ಬಾಗಿಲೇ ಇಲ್ಲ. ನಾಲ್ಕು ಪತ್ರಗಳು ಹೋದುವು, ನಾಲ್ಕು ಸೌಜನ್ಯಗಳು ಬಂದುವು. ಇತ್ತ ಜರ್ಮನಿಯ ವಿಮಾ ಕಂಪನಿಯವರು, ನೀವು ಈಗ ಫ್ರಾನ್ಸಿನವರಾದ್ದರಿಂದ ನಿಮ್ಮ ವಿಮೆಯನ್ನು ಬಹಳ ದಿನ ನಡೆಸಲಾಗದು ಎಂದು ದಿನಾಂಕ ಕೊಟ್ಟರು.

ಒಂದು ರಾತ್ರಿ ಅಡುಗೆಮನೆಯಲ್ಲಿ ಮಗಳು ಲೆಕ್ಕ ಹಾಕುತ್ತ ಕುಳಿತಿದ್ದಳು. ಉಳಿದ ಸಾಲ ನಾಲ್ಕು ಸಾವಿರ ಯೂರೋ ಚಿಲ್ಲರೆ. ಅಷ್ಟನ್ನೂ ಒಮ್ಮೆಗೇ ತೀರಿಸಿದರೆ ಬ್ಯಾಂಕು ಪತ್ರವನ್ನು ಅವಳ ಕೈಗೇ ಕೊಡಬೇಕಾಗುತ್ತದೆ. ಹಣ ಇತ್ತು; ಮುಂದಿನ ವರ್ಷ ಮಕ್ಕಳನ್ನು ಕರೆದುಕೊಂಡು ಮೈಸೂರಿಗೆ ಬಂದು ದಸರಾ ಕಳೆಯುವುದಕ್ಕೆಂದು ಕೂಡಿಟ್ಟ ಹಣ. "ನಾನು ಸ್ವಲ್ಪ ಕೊಡುತ್ತೇನೆ ಕಣಮ್ಮ" ಎಂದೆ. "ಬೇಡಿ ಅಪ್ಪ" ಎಂದಳು. ಮರುದಿನ ಕಟ್ಟಿದಳು.

ಇದನ್ನೆಲ್ಲ ಬರಿಯ ಗುಮಾಸ್ತರ ಮೊಂಡುತನವೆಂದು ತಳ್ಳಿಹಾಕುವವರಿದ್ದಾರೆ. ನಾನು ಹಾಗೆನ್ನಲಾರೆ. ಕದ್ದ ಕಾರು ಗಡಿ ದಾಟಿ ಹೊಸ ಸಂಖ್ಯೆ ಪಡೆಯದಂತೆ ನೋಡಿಕೊಳ್ಳಬೇಕಾದದ್ದು ಸರಿ. ಓಡಿದ ದೂರವನ್ನು ಹಿಂದಕ್ಕೆ ತಿರುಗಿಸಿ ಮಾರುವ ಮೋಸಗಾರರಿರುವುದೂ ನಿಜ. ಆದರೆ ಮೂಲ ಕಾರಣ ಇವೆರಡೂ ಅಲ್ಲ. ಯೂರೋಪಿನವರು ಸಂತೆಯನ್ನು ಒಂದು ಮಾಡಿದರು, ಬೊಕ್ಕಸವನ್ನು ಒಂದು ಮಾಡಲಿಲ್ಲ. ಕಾರನ್ನು ನೋಂದಾಯಿಸುವಾಗ ಡೆನ್ಮಾರ್ಕ್ ಭಾರಿ ತೆರಿಗೆ ವಸೂಲು ಮಾಡುತ್ತದೆ. ದುಬಾರಿ ಕಾರುಗಳ ಬೆಲೆಯ ಮೇಲುಭಾಗಕ್ಕೆ ಅದು ನೂರಕ್ಕೆ 150ರ ದರವನ್ನು ಇಟ್ಟಿದೆ. ಜರ್ಮನಿಯಲ್ಲಿ ಅಂಥ ತೆರಿಗೆಯೇ ಇಲ್ಲ, ವರ್ಷವರ್ಷದ ತೆರಿಗೆ ಮಾತ್ರ. ನೆದರ್ಲೆಂಡ್ಸ್, ಪೋರ್ಚುಗಲ್, ಐರ್ಲೆಂಡುಗಳಿಗೆ ಒಂದೊಂದರದೂ ಬೇರೆ ಲೆಕ್ಕ. ಕಾರುಗಳನ್ನು ಇಷ್ಟಬಂದ ಕಡೆ ನೋಂದಾಯಿಸಬಹುದೆಂದು ಬಿಟ್ಟರೆ ಕೋಪನ್‌ಹೇಗನ್ನಿನ ಕಾರುಗಳೆಲ್ಲ ಜರ್ಮನಿಯ ಫಲಕ ಹಚ್ಚಿಕೊಂಡಾವು. ರಾತ್ರಿ ಎಲ್ಲಿ ಮಲಗುತ್ತೀಯೆ ಎಂದು ಕಚೇರಿ ಕೇಳುವುದು ಅದಕ್ಕಾಗಿ.

ಇನ್ನೊಂದು ಮಾತು. ಸುಂಕ ಹೋದಮೇಲೆ ಸುಂಕದ ಆಸೆ ಹೋಗುತ್ತದೆಯೆ? ಫ್ರಾನ್ಸಿನಲ್ಲಿ ಕಾರಿನ ಬಲವನ್ನು ತೆರಿಗೆಗಾಗಿ 'ಕುದುರೆ'ಗಳಲ್ಲಿ ಎಣಿಸುತ್ತಾರೆ. ಹಿಂದೆ ಅಲ್ಲಿ 16 ಕುದುರೆಗಳವರೆಗಿನ ಕಾರಿನ ವಾರ್ಷಿಕ ತೆರಿಗೆ ಹೆಚ್ಚೆಂದರೆ 1100 ಫ್ರಾಂಕು. 16 ದಾಟಿತೋ, ಒಮ್ಮೆಗೇ 5000. ಅಷ್ಟು ಬಲದ ಕಾರನ್ನು ಫ್ರಾನ್ಸಿನಲ್ಲಿ ಯಾರೂ ತಯಾರಿಸುತ್ತಿರಲಿಲ್ಲವೆಂಬುದೇ ಇದರ ಒಳಗುಟ್ಟು. 36 ಕುದುರೆಗಳ ಕಾರು ಕೊಂಡ ನಾಗರಿಕನೊಬ್ಬ ಮೊಕದ್ದಮೆ ಹೂಡಿದ; 1985ರಲ್ಲಿ ಯೂರೋಪಿನ ನ್ಯಾಯಾಲಯ ಅವನ ಪರವಾಗಿ ತೀರ್ಪಿತ್ತಿತು. ಹೊರಗಿನಿಂದ ತಂದ ಹಳೆಯ ಕಾರಿನ ಮೇಲೆ ಊರಿನ ಹಳೆಯ ಕಾರಿಗಿಂತ ಹೆಚ್ಚು ಭಾರ ಹೇರಬಾರದೆಂದು 1990ರಲ್ಲಿ ಡೆನ್ಮಾರ್ಕಿಗೂ, ಹೊಗೆಯ ನೆಪದ ತೆರಿಗೆಗಾಗಿ 2011ರಲ್ಲಿ ರುಮೇನಿಯಕ್ಕೂ ಅದೇ ನ್ಯಾಯಾಲಯ ಬುದ್ಧಿ ಹೇಳಿತು. ಬುದ್ಧಿ ಹೇಳಿಸಿಕೊಂಡ ಸರ್ಕಾರ ತೆರಿಗೆಯ ಹೆಸರು ಬದಲಾಯಿಸಿ ಮತ್ತೆ ಬರುವುದೂ ಉಂಟು.

ತೆರಿಗೆ ಬೇರೆ ಬೇರೆಯಾಗಿರಲಿ. ಅದು ಆಯಾ ಜನರ ಇಷ್ಟ. ನನ್ನ ಆಕ್ಷೇಪಣೆ ಇರುವುದು ಇಲ್ಲಿ: ಕಾರು ಹೊಸ ದೇಶದಲ್ಲಿ ನೋಂದಣಿಯಾದ ಎರಡು ತಿಂಗಳೊಳಗೆ ಹಳೆಯ ದೇಶಕ್ಕೆ ತಿಳಿಸಬೇಕೆಂದು ಅದೇ 1999ರ ನಿರ್ದೇಶನದಲ್ಲಿದೆ. ಒಂದು ಸರ್ಕಾರ ಇನ್ನೊಂದರೊಡನೆ ಮಾತಾಡಬಲ್ಲುದು, ಮಾತಾಡುತ್ತದೆ ಎಂದಾಯಿತು. ಹಾಗಿರುವಾಗ ಜರ್ಮನಿಯ ದಫ್ತರಿನಲ್ಲಿ ಈಗಾಗಲೇ ಇರುವ ಸಂಗತಿಯನ್ನು ಒಬ್ಬ ದಾದಿ ಪಾಳಿ ಮುಗಿಸಿಬಂದು ಕಾಗದಗಳಲ್ಲಿ ಹೊತ್ತು ಏಕೆ ತರಬೇಕು? ಈ ಹೊರೆಯನ್ನು ಇಳಿಸಲೆಂದು ಯೂರೋಪಿನ ಆಯೋಗ 2012ರಲ್ಲಿ ಒಂದು ಮಸೂದೆಯನ್ನು ಮುಂದಿಟ್ಟಿತ್ತು. ಅದು ಕಾಯಿದೆಯಾಗಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡನೆಂಬ ಮಾತು ಬ್ರಸೆಲ್ಸಿಗೂ ಸಲ್ಲುತ್ತದೆಂದು ತೋರುತ್ತದೆ. ಒಕ್ಕೂಟವನ್ನೇ ಬಿಟ್ಟುಹೋದ ಬ್ರಿಟನ್ನಿನವರ ಪಾಡು ಇದಕ್ಕಿಂತ ಹೆಚ್ಚು. 2021ರಿಂದ ಅಲ್ಲಿಯ ಕಾರು ಒಕ್ಕೂಟದೊಳಕ್ಕೆ ಬರಬೇಕಾದರೆ ಸುಂಕದ ಘೋಷಣೆಯೇ ಆಗಬೇಕು, ಬ್ರಿಟನ್ನಿನಲ್ಲಿ ತಯಾರಾದದ್ದಲ್ಲವಾದರೆ ಸಾಮಾನ್ಯವಾಗಿ ನೂರಕ್ಕೆ 10ರ ಸುಂಕ, ಮೇಲೆ ಮೌಲ್ಯವರ್ಧಿತ ತೆರಿಗೆ.

ಯೂರೋಪಿನವರನ್ನು ನೋಡಿ ನಾವು ನಗುವಂತಿಲ್ಲ. ಪುಣೆಯ ಕಾರನ್ನು ಬೆಂಗಳೂರಿನಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವವರು ಅಲ್ಲಿಂದ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿ ಮತ್ತೆ ತೆರಿಗೆ ಕಟ್ಟಿ, ಅಲ್ಲಿ ಕಟ್ಟಿದ್ದನ್ನು ಹಿಂದಕ್ಕೆ ಪಡೆಯಲು ಅಲೆಯಬೇಕು. ಒಂದೇ ದೇಶ, ಒಂದೇ ಕಾಯಿದೆ. 2021ರಲ್ಲಿ ಬಂದ ಭಾರತ್ ಸರಣಿಯ ಸಂಖ್ಯೆಯೂ ಎಲ್ಲರಿಗೂ ದೊರೆಯುವಂಥದಲ್ಲ.

ನಾನು ಹೊರಡುವ ಎರಡು ದಿನ ಮುಂಚೆ ಫ್ರಾನ್ಸಿನ ನೋಂದಣಿ ಪತ್ರ ಅಂಚೆಯಲ್ಲಿ ಬಂದಿತು. ಅಳಿಯ ಹೊಸ ಫಲಕಗಳನ್ನು ತಂದು ಹಚ್ಚಿದ. ಜರ್ಮನಿಯ ಫಲಕಗಳನ್ನು ಮಗಳು ಆಫೆನ್‌ಬುರ್ಗಿನ ಕಚೇರಿಗೆ ಒಯ್ದು ಮೊಹರು ಕೀಳಿಸಿಕೊಂಡು ಬಂದಳು. ಮೊಮ್ಮಗ ಅದರಲ್ಲೊಂದನ್ನು ನನಗೆ ಕೊಟ್ಟ. ವಿಮಾನ ನಿಲ್ದಾಣದ ದಾರಿಯಲ್ಲಿ, "ಮುಂದಿನ ವರ್ಷ ಅಲ್ಲದಿದ್ದರೆ ಅದರ ಮುಂದಿನ ವರ್ಷ ಬರುತ್ತೇವೆ, ಅಪ್ಪ" ಎಂದಳು ಮಗಳು. 2024ರ ದಸರಾಕ್ಕೆ ಅವರು ಬರಲಿಲ್ಲ.