ಔಷಧಿ ಹೊಡೆಯೋ ಮೊದಲು ಹುಳದ ವೇಷ ನೋಡಿ

ವಾಟ್ಸಾಪ್ ಗ್ರೂಪುಗಳಲ್ಲಿ ಪದೇ ಪದೇ ಬರುವ ಪ್ರಶ್ನೆ ಒಂದೇ: "ಸರ್, ಈ ಹುಳಕ್ಕೆ ಏನು ಹೊಡೀಬೇಕು?" ಹುಳ ಯಾವುದು, ಏನು ತಿಂತಿದೆ ಅನ್ನೋದು ಆಮೇಲಿನ ಮಾತು. ಈ ಕ್ರಮ ತಿರುಗುಮುರುಗಾಗಬೇಕು ಅನ್ನೋದು ನನ್ನ ವಾದ.

ನಿಂಬೆ ಅಥವಾ ಕರಿಬೇವಿನ ಚಿಗುರು ನೋಡಿ. ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಂಗೆ ಕಾಣೋದು ಎಷ್ಟೋ ಸಲ ನಿಂಬೆ ಚಿಟ್ಟೆಯ ಮರಿಹುಳ. ದೊಡ್ಡದಾದ ಮೇಲೆ ಅದೇ ಹುಳ ಎಲೆಯ ಹಸಿರಿಗೆ ತಿರುಗುತ್ತೆ. ಇದು ಹುಳ ಯೋಚಿಸಿ ಹಾಕಿದ ವೇಷವಲ್ಲ. ಎದ್ದು ಕಾಣುವ ಮರಿಗಳನ್ನ ಹಕ್ಕಿಗಳು ತಿಂದವು, ಕಾಣದವು ಉಳಿದು ಮೊಟ್ಟೆಯಿಟ್ಟವು. ಸಾವಿರಾರು ತಲೆಮಾರು ಹೀಗೇ ನಡೆದದ್ದರ ಫಲ ಈ ಬಣ್ಣ. ಇದನ್ನೇ ನೈಸರ್ಗಿಕ ಆಯ್ಕೆ ಅಂತಾರೆ.

ಇದು ಕಣ್ಣೆದುರೇ ನಡೆದ ಉದಾಹರಣೆ ಇಂಗ್ಲೆಂಡಿನದು. ಅಲ್ಲಿನ ಪೆಪ್ಪರ್ಡ್ ಮಾತ್ ಅನ್ನೋ ಪತಂಗ ಸಾಮಾನ್ಯವಾಗಿ ಬಿಳಿ ಮೈ, ಕಪ್ಪು ಚುಕ್ಕಿಯದು. 1848ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಕಪ್ಪು ಪತಂಗ ಸಿಕ್ಕಿದ್ದು ಅಪರೂಪದ ಸಂಗತಿ. ಕಾರ್ಖಾನೆ ಮಸಿಯಿಂದ ಮರಗಳು ಕಪ್ಪಾದವು, ಬಿಳಿಯವು ಹಕ್ಕಿ ಕಣ್ಣಿಗೆ ಬಿದ್ದವು. 1895ರ ಹೊತ್ತಿಗೆ ಅಲ್ಲಿ ಶೇ. 98ರಷ್ಟು ಕಪ್ಪು ಪತಂಗಗಳೇ! 1956ರ ಶುದ್ಧ ಗಾಳಿ ಕಾಯ್ದೆಯ ನಂತರ ಹೊಗೆ ಇಳೀತು, ಬಿಳಿಯವು ಮತ್ತೆ ಹೆಚ್ಚಿದವು.

ಈಗ ನಮ್ಮ ಹೊಲಕ್ಕೆ ಬನ್ನಿ. ಹಕ್ಕಿ ಬಣ್ಣ ನೋಡಿ ಆರಿಸಿದ್ರೆ, ನಾವು ವಿಷದಿಂದ ಆರಿಸ್ತೀವಿ. ಒಂದೇ ಔಷಧಿ ಮತ್ತೆ ಮತ್ತೆ ಹೊಡೆದಾಗ ತಡೆದುಕೊಳ್ಳದ ಹುಳ ಸಾಯುತ್ತೆ, ತಡೆದುಕೊಂಡದ್ದು ಸಂಸಾರ ಬೆಳೆಸುತ್ತೆ. ಗಿಡದೊಳಗೇ ವಿಷ ಇದ್ರೂ ಲೆಕ್ಕ ಅದೇ. ಬಿಟಿ ಹತ್ತಿಗೆ ನಮ್ಮ ದೇಶದಲ್ಲಿ ಅನುಮತಿ ಸಿಕ್ಕಿದ್ದು 2002ರಲ್ಲಿ. 2010ರ ಹೊತ್ತಿಗೇ ಗುಜರಾತಿನ ಗುಲಾಬಿ ಕಾಯಿಕೊರಕ ಆ ಮೊದಲ ಬಿಟಿಯನ್ನ ಜೀರ್ಣಿಸಿಕೊಂಡದ್ದು ದೃಢಪಟ್ಟಿತು.

ಇನ್ನೊಂದು ನಷ್ಟ ಇದೆ. ವೇಷ ಹಾಕೋದು ಶತ್ರು ಮಾತ್ರ ಅಲ್ಲ. ಹಿಟ್ಟು ತಿಗಣೆ ತಿನ್ನುವ ಕ್ರಿಪ್ಟೋಲೇಮಸ್ ಅನ್ನೋ ಗುಲಗಂಜಿ ಹುಳುವಿನ ಮರಿಗೂ ಮೈತುಂಬ ಬಿಳಿ ಮೇಣದ ಕುಚ್ಚು. ಫೋಟೋದಲ್ಲಿ ಅದೂ ದೊಡ್ಡ ಹಿಟ್ಟು ತಿಗಣೆಯೇ ಅನ್ಸುತ್ತೆ. "ಬಿಳಿ ಹುಳ ಜಾಸ್ತಿ ಆಗಿದೆ" ಅಂತ ಔಷಧಿ ಹೊಡೆದ್ರೆ ಮೊದಲು ಸಾಯೋದು ಪುಕ್ಕಟೆ ಕೆಲಸ ಮಾಡ್ತಿದ್ದ ಈ ಆಳು. ಕಡ್ಡಿಯಿಂದ ಮೆಲ್ಲಗೆ ಮುಟ್ಟಿ ನೋಡಿ. ಹಿಟ್ಟು ತಿಗಣೆ ಮಂದವಾಗಿ ಕದಲುತ್ತೆ, ಈ ಮರಿ ಚುರುಕಾಗಿ ಓಡುತ್ತೆ.

"ಹತ್ತು ಎಕರೆಯಲ್ಲಿ ಹುಳ ಹುಡುಕ್ತಾ ಕೂರೋಕಾಗುತ್ತಾ?" ಅಂತೀರಿ. ಬೇಡ. ವಾರಕ್ಕೊಮ್ಮೆ ಹೊಲದ ಐದು ಕಡೆ ನಾಲ್ಕಾರು ಗಿಡ ಸಾಕು. ಎಲೆ ಮಗುಚಿ ನೋಡಿ, ಹತ್ತಿರದಿಂದ ಫೋಟೋ ತೆಗೀರಿ, ಆಮೇಲೆ ವಿಡಿಯೋನೂ ಮಾಡಿ. ನಡಿಗೆಯಲ್ಲಿ ಹುಳದ ಗುಟ್ಟು ಬಯಲಾಗುತ್ತೆ. ನಿಂಬೆ ಸಸಿಯ ಮರಿಹುಳ ಕೈಯಲ್ಲೇ ಆರಿಸಬಹುದು. ಬೇಲಿಯ ಗಿಡಮರ ಕಡೀಬೇಡಿ, ಹಕ್ಕಿ ಕೂರೋಕೆ ಜಾಗ ಬೇಕು. ಔಷಧಿ ಬೇಕೇ ಬೇಕು ಅನ್ನುವವರೂ ಹುಳದ ಹೆಸರು ಗೊತ್ತಾದ ಮೇಲೆ ಹೊಡೀರಿ, ಒಂದೇ ಗುಂಪಿನದನ್ನ ಸಾಲಾಗಿ ಹೊಡೀಬೇಡಿ.

ಮುಂದಿನ ಸಲ ಗ್ರೂಪಿನಲ್ಲಿ "ಏನು ಹೊಡೀಬೇಕು?" ಅಂತ ಬೇಡ, "ಇದು ಯಾರು?" ಅಂತ ಕೇಳಿ. ಉತ್ತರ "ನಮ್ಮವರೇ" ಅಂತ ಬಂದ್ರೆ ಆ ದಿನದ ಔಷಧಿ ದುಡ್ಡೂ ಉಳೀತು, ಆಳೂ ಉಳೀತು.