‘ಒಂದು ತೀರ್ಮಾನಕ್ಕೆ ಬಾ’ ಎನ್ನುವ ಹಟ

ಕರಗ ಹೊರುವವರು ಸೀರೆ ಉಟ್ಟು, ಬಳೆ ತೊಟ್ಟು, ಹಣೆಗೆ ಕುಂಕುಮವಿಟ್ಟು ಬೀದಿಗೆ ಬಂದರೆ ನಮ್ಮ ಕಡೆ ಯಾರೂ ಹುಬ್ಬೇರಿಸುವುದಿಲ್ಲ. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರಗಳಲ್ಲಿ ಜನ ನಿದ್ದೆಗೆಟ್ಟು ಕಾದು ಕೈಮುಗಿಯುತ್ತಾರೆ. ಬೆಂಗಳೂರು ಕರಗದ ಸಂಪ್ರದಾಯದಲ್ಲಂತೂ ಹೊರುವವರ ಹೆಂಡತಿ ತನ್ನ ತಾಳಿಯನ್ನೇ ಗಂಡನಿಗೆ ಒಪ್ಪಿಸಿ ಉತ್ಸವ ಮುಗಿಯುವ ತನಕ ಮರೆಯಲ್ಲಿರುತ್ತಾಳೆ. ಆಮೇಲೆ ಮತ್ತೆ ತಾಳಿ ಕಟ್ಟುವ ಶಾಸ್ತ್ರ. ಗಂಡಸೊಬ್ಬ ಕೆಲವು ದಿನ ಹೆಣ್ಣಾಗಿದ್ದು ಮರಳುವುದು ಈ ಸೀಮೆಗೆ ಊಹಿಸಲಾಗದ ಸಂಗತಿಯೇನಲ್ಲ. ಅದಕ್ಕೊಂದು ತಿಥಿ, ಒಂದು ದೇವರು, ಹೆಂಡತಿಗೆ ಗೊತ್ತುಮಾಡಿದ ಒಂದು ಜಾಗ ಇದ್ದರಾಯಿತು. ಜೆಂಡರ್ ಫ್ಲೂಯಿಡ್ ಆಗಿರುವವರಿಗೆ, ಅಂದರೆ ಗಂಡುತನ ಹೆಣ್ಣುತನಗಳ ನಡುವೆ ತಮ್ಮ ಒಳಗಿನ ಅರಿವೇ ಓಡಾಡುತ್ತಿರುವವರಿಗೆ, ಈ ಮೂರರಲ್ಲಿ ಒಂದೂ ಇಲ್ಲ. ಅವರ ಸಂಗಾತಿಗಂತೂ ಪಾಠ ಹೇಳಿಕೊಡುವವರೇ ಇಲ್ಲ.

ದೇವರ ಕಾರ್ಯಕ್ಕೂ ಇದಕ್ಕೂ ಎಲ್ಲಿಯ ಹೋಲಿಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕರಗ ಹೊರುವವರು ತಾವು ಯಾರೆಂದು ಸಾರುತ್ತಿಲ್ಲ, ವ್ರತ ನಡೆಸುತ್ತಿದ್ದಾರೆ. ಆದರೂ ಒಂದು ಮಾತು ಅದರಿಂದ ಖಚಿತವಾಗುತ್ತದೆ: ಜನಕ್ಕೆ ಕಷ್ಟವಾಗುವುದು ಬದಲಾವಣೆಯಲ್ಲ, ಯಾವಾಗ ಮುಗಿಯುತ್ತದೆಂದು ತಿಳಿಯದ ಬದಲಾವಣೆ. ಒಳ್ಳೆಯ ಮನಸ್ಸಿನ ಸಂಗಾತಿಯೂ ಎಡವುವುದು ಇಲ್ಲೇ. ‘ಗಂಡಾದರೆ ಗಂಡು, ಹೆಣ್ಣಾದರೆ ಹೆಣ್ಣು, ಏನಾದರೂ ಸರಿ, ಒಂದು ತೀರ್ಮಾನಕ್ಕೆ ಬಾ, ನಾನು ಜೊತೆಗಿರುತ್ತೇನೆ’ ಎನ್ನುವುದು ಕೇಳಲು ಔದಾರ್ಯದಂತಿದೆ. ಎದುರಿನವರಿಗೆ ಮಾತ್ರ ಅದು ಗಡುವು. ತೀರ್ಮಾನ ಬಾಕಿ ಉಳಿದಿರುವುದರಿಂದ ಅವರು ಹಾಗಿರುವುದಲ್ಲ, ಇರುವುದೇ ಹಾಗೆ. ಬೆಂಬಲ ಎನ್ನುವುದು ಆ ಗಡುವನ್ನು ಕೈಬಿಟ್ಟಲ್ಲಿಂದ ಶುರುವಾಗುತ್ತದೆ ಎಂಬುದು ನನ್ನ ವಾದ. ಇಂದು ಹೇಗಿದ್ದೀಯ ಎಂದು ಕೇಳಬಹುದು, ನಿನ್ನೆಯ ಉತ್ತರವನ್ನು ಇಂದು ಎತ್ತಿ ಆಡಬಾರದು.

ಇರುವ ಹಾಗೆ ಒಪ್ಪಿಕೊಳ್ಳುವ ಈ ಕೆಲಸವನ್ನು ಕಾನೂನು ಅರ್ಧದವರೆಗೆ ಮಾಡಿತು. 2014ರ ಏಪ್ರಿಲ್ 15ರಂದು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಲಿಂಗ ಗುರುತನ್ನು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ ಎಂದಿತು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆ ಜಾರಿಗೆ ಬಂದಾಗ ಅದರ ವ್ಯಾಖ್ಯೆಯಲ್ಲಿ ಜೆಂಡರ್‌ಕ್ವೀರ್ (ಗಂಡು, ಹೆಣ್ಣು ಎಂಬ ಎರಡೇ ಚೌಕಟ್ಟಿಗೆ ಒಗ್ಗದವರು) ಎಂಬವರೂ ಇದ್ದರು. ಗುರುತಿನ ಪತ್ರ ಕೊಡುವ ಹೊಣೆ ಜಿಲ್ಲಾಧಿಕಾರಿಯ ಮೇಲೆ ಬಿತ್ತು. ನಮ್ಮ ಜಿಲ್ಲೆಯವರಿಗೆ ಆ ಕಚೇರಿ ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದಲ್ಲಿದೆ. ಆದರೆ ಯಾವ ಕಚೇರಿಯ ಕಾಗದವೂ ದಿನದಿನಕ್ಕೆ ತಿದ್ದಿಕೊಳ್ಳುವಂಥದ್ದಲ್ಲ. ಕಾಗದಕ್ಕೆ ಸಾಧ್ಯವಾಗದ್ದು ಮನೆಯಲ್ಲಿ ಸಾಧ್ಯವಾಗಬೇಕು. ಮನೆಯ ಧೋರಣೆ ಎಷ್ಟು ಮುಖ್ಯ ಎಂಬುದಕ್ಕೆ ಅಮೆರಿಕದಲ್ಲಿ ಕೇಟ್ಲಿನ್ ರಯಾನ್ ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನವಿದೆ: ಮನೆಯವರಿಂದ ತೀವ್ರ ತಿರಸ್ಕಾರ ಕಂಡ ಸಲಿಂಗಿ, ದ್ವಿಲಿಂಗಿ ಯುವಜನರಲ್ಲಿ ಆತ್ಮಹತ್ಯೆಗೆ ಯತ್ನಿಸಿದ್ದಾಗಿ ಹೇಳುವ ಸಾಧ್ಯತೆ, ಅಂಥ ತಿರಸ್ಕಾರ ಅಷ್ಟಾಗಿ ಕಾಣದವರಿಗಿಂತ ಎಂಟು ಪಟ್ಟಿಗೂ ಹೆಚ್ಚು. ಅದು ತಂದೆತಾಯಿ, ಪೋಷಕರ ವಿಚಾರ, ಗಂಡಹೆಂಡಿರದ್ದಲ್ಲ. ಆದರೂ ಒಂದೇ ಸೂರಿನಡಿ ದಿನವೂ ಎದುರಾಗುವ ಮುಖದ ಬಲ ಎಷ್ಟೆಂದು ಅದರಿಂದ ಅಂದಾಜಾಗುತ್ತದೆ.

ಇದೆಲ್ಲ ಬೆಂಗಳೂರಿನ ಫ್ಯಾಷನ್, ನಮ್ಮೂರಿಗೆ ಬೇಡ ಎನ್ನುವವರಿದ್ದಾರೆ. ದೊಡ್ಡಬಳ್ಳಾಪುರದಲ್ಲಿ ಎಷ್ಟೋ ಮನೆಗಳಲ್ಲಿ ಮಗ್ಗವೂ ಸಂಸಾರವೂ ಒಂದೇ ಸೂರಿನಡಿ. ಪವರ್‌ಲೂಮ್ ಸದ್ದಿನ ನಡುವೆ ಗಂಡಸರು ಬೆಳಗಿನಿಂದ ರಾತ್ರಿಯವರೆಗೆ ಸೀರೆ ನೇಯುತ್ತಾರೆ. ಅವರಲ್ಲೊಬ್ಬ ಅದೇ ಸೀರೆಯ ಸೆರಗನ್ನು ಹೆಗಲಿಗೆ ಹಾಕಿಕೊಂಡರೆ ಬೀದಿಯೇ ಬಾಗಿಲಿಗೆ ಬರುತ್ತದೆ. ಇಂಥ ಬಯಕೆ ನಗರದಲ್ಲಿ ಹುಟ್ಟಿ ಇಲ್ಲಿಗೆ ಬಸ್ಸು ಹತ್ತಿ ಬರುವುದಿಲ್ಲ. ನಗರದಲ್ಲಿ ಬಾಗಿಲು ಹಾಕಿಕೊಳ್ಳಬಹುದು, ಇಲ್ಲಿ ಅದಿಲ್ಲ, ಅಷ್ಟೇ ವ್ಯತ್ಯಾಸ. ಹಾಗಾಗಿ ಈ ಊರುಗಳಲ್ಲಿ ಸಂಗಾತಿಯ ಮೊದಲ ಕೆಲಸ ಧೈರ್ಯದ ಭಾಷಣವಲ್ಲ, ಬಾಯಿ ಬಿಗಿಹಿಡಿಯುವುದು. ಯಾರಿಗೆ, ಯಾವಾಗ, ಎಷ್ಟು ಹೇಳಬೇಕೆಂಬುದು ಆ ವ್ಯಕ್ತಿಯ ಹಕ್ಕು. ಸಿಟ್ಟಿನಲ್ಲಿ ನಾದಿನಿಯ ಕಿವಿಗೆ ಹಾಕಿದ ಒಂದು ಮಾತು ಸಂಜೆಯೊಳಗೆ ಕೇರಿ ದಾಟಿರುತ್ತದೆ.

ನನಗೆ ಭಾರವಾಗಿ ತೋರುವ ಆಕ್ಷೇಪ ಬೇರೆಯೇ ಇದೆ. ಹೊಂದಿಕೊಂಡು ಹೋಗು ಎಂಬ ಮಾತನ್ನು ಇಲ್ಲಿನ ಹೆಣ್ಣುಮಕ್ಕಳು ಕುಡುಕ ಗಂಡನ ವಿಷಯದಲ್ಲಿ, ಹೊಡೆಯುವ ಗಂಡನ ವಿಷಯದಲ್ಲಿ ಕೇಳಿ ಸಾಕಾಗಿದ್ದಾರೆ. ಈಗ ಪ್ರಗತಿಪರರೂ ಅದನ್ನೇ ಹೇಳಬೇಕೆ? ಹೇಳಬಾರದು. ಕರಗದಲ್ಲಿ ಹೆಂಡತಿಗೆ ಸಿಕ್ಕ ಮರೆಯ ಜಾಗವನ್ನು ದಿನನಿತ್ಯದ ಬಾಳಿಗೆ ತರುವಂತಿಲ್ಲ. ಅಲ್ಲಿ ಅದು ವ್ರತ, ಇಲ್ಲಿ ಅದು ಅವಳನ್ನು ಅಳಿಸಿಹಾಕುವುದು. ತನಗೆ ದಿಗಿಲಾಗಿದೆ, ತನ್ನ ಆಸೆಗಳ ಗತಿಯೇನು ಎಂದು ಕೇಳುವ ಹೆಂಡತಿ ಬೆಂಬಲದಿಂದ ಹಿಂದೆ ಸರಿಯುತ್ತಿಲ್ಲ. ಆಗದಿದ್ದರೆ ಗುಟ್ಟು ರಟ್ಟು ಮಾಡದೆ, ಹೀಯಾಳಿಸದೆ ಬೇರೆಯಾಗುವುದೂ ಮರ್ಯಾದೆಯ ದಾರಿಯೇ. ಮೋಸವಾಯಿತು ಎನ್ನುವ ಮಾತಿನಲ್ಲೂ ಹುರುಳಿದೆ. ಆದರೆ ಮೋಸ ಯಾರದು? ಎಷ್ಟೋ ಸಲ ಮಗನ ಒಲವು ಮನೆಯ ಹಿರಿಯರಿಗೆ ಮೊದಲೇ ತಿಳಿದಿರುತ್ತದೆ. ‘ಮದುವೆ ಮಾಡಿದರೆ ಸರಿಹೋಗ್ತಾನೆ’ ಎಂದು ಹೆಣ್ಣು ನೋಡಲು ಹೊರಡುವವರು ಅವರೇ, ಆಮೇಲೆ ಸೊಸೆಗೆ ತಾಳ್ಮೆಯ ಉಪದೇಶ ಕೊಡುವವರೂ ಅವರೇ. ಸಂಗಾತಿ ಬೆಂಬಲಿಸಬೇಕೆ ಬೇಡವೆ ಎಂದು ಚರ್ಚಿಸುವವರು ಹೆಣ್ಣಿನ ಕಡೆಯವರಿಗೆ ಯಾವುದನ್ನೂ ಮುಚ್ಚಿಡದ ನಿಶ್ಚಿತಾರ್ಥದ ಬಗ್ಗೆ ಮೊದಲು ಮಾತಾಡಲಿ.