18 ಯೂನಿಟ್‌ನ ಲೆಕ್ಕ

ನವಲಗುಂದ, ಕುಂದಗೋಳದ ಕಡೆ ಭಾಗ್ಯಜ್ಯೋತಿ ದೀಪ ಕಂಡ ಹಿರಿಯರನ್ನು ಕೇಳಿ. ಮನೆಗೊಂದೇ ಬಲ್ಬು, ತಿಂಗಳಿಗೆ 18 ಯೂನಿಟ್ ಎಂಬ ಮಿತಿ ಬಹುಕಾಲ ಇತ್ತು. ದಾಟಿದರೆ ಬಿಲ್ಲು. 18 ಯೂನಿಟ್ ಎಂದರೆ ಎಷ್ಟು?

ಬಲ್ಬಿನ ಮೇಲೆ ಅಚ್ಚಾಗಿರುವ 60 ವ್ಯಾಟ್ ಎಂಬುದು ವಿದ್ಯುತ್ ಬಳಕೆಯ ವೇಗ, ಬಳಸಿದ ಮೊತ್ತವಲ್ಲ. ಮಕ್ಕಳು (ಪಾಲಕರೂ!) ಎಡವುವುದು ಇಲ್ಲೇ. ವ್ಯಾಟನ್ನು ತಾಸಿನಿಂದ ಗುಣಿಸಿ 1000ದಿಂದ ಭಾಗಿಸಿದರೆ ಯೂನಿಟ್ ಬರುತ್ತದೆ. 18 ಯೂನಿಟ್‌ಗೆ 60 ವ್ಯಾಟಿನ ಬಲ್ಬು 300 ತಾಸು ಉರಿಯುತ್ತದೆ. ದಿನಕ್ಕೆ 10 ತಾಸು. ದೀಪಕ್ಕೇನೋ ಸಾಕಿತ್ತು. ಆದರೆ 75 ವ್ಯಾಟಿನ ಫ್ಯಾನು ದಿನಕ್ಕೆ 8 ತಾಸು ತಿರುಗಿದರೆ ಅದೊಂದೇ ತಿಂಗಳಿಗೆ 18 ಯೂನಿಟ್ ನುಂಗುತ್ತದೆ. ಈಗಿನ 9 ವ್ಯಾಟಿನ ಎಲ್‌ಇಡಿ ಬಲ್ಬು ಎರಡನ್ನು ಹಗಲು ರಾತ್ರಿ ಉರಿಸಿದರೂ 30 ದಿನಕ್ಕೆ 13 ಯೂನಿಟ್ ಮುಟ್ಟದು.

2023ರಲ್ಲಿ ಗೃಹಜ್ಯೋತಿ ಬಂತಲ್ಲ, ಇನ್ನೇಕೆ ಲೆಕ್ಕ ಎನ್ನಬೇಡಿ. ಅದಕ್ಕೂ 200 ಯೂನಿಟ್‌ನ ಗಡಿಯಿದೆ. ದಾಟಿದರೆ ಪೂರ್ತಿ ಬಿಲ್ಲು.

ಹಣಕ್ಕಿಂತ ಹೆಚ್ಚಿನದು ಇನ್ನೊಂದಿದೆ. ವ್ಯಾಟನ್ನು 230 ವೋಲ್ಟ್‌ನಿಂದ ಭಾಗಿಸಿದರೆ ತಂತಿಯಲ್ಲಿ ಹರಿಯುವ ಆಂಪಿಯರ್ ಸಿಗುತ್ತದೆ. ನೀರು ಕಾಯಿಸುವ 1500 ವ್ಯಾಟಿನ ಕಾಯಿಲ್‌ಗೆ ಸುಮಾರು ಆರೂವರೆ ಆಂಪಿಯರ್. ಫ್ಯಾನು, ರೇಡಿಯೋಗೆಂದು ಇಟ್ಟ 5 ಆಂಪಿಯರ್‌ನ ಸಣ್ಣ ಪ್ಲಗ್ಗಿಗೆ ಅದನ್ನು ಸಿಕ್ಕಿಸಿದರೆ ಪ್ಲಗ್ಗು ಕಾಯುತ್ತದೆ, ಕರಗುತ್ತದೆ, ಬೆಂಕಿಯೂ ಹತ್ತಬಹುದು. ಕಾಯಿಲ್‌ಗೆ 15 ಅಥವಾ 16 ಆಂಪಿಯರ್‌ನ ದೊಡ್ಡ ಪ್ಲಗ್ಗೇ ಬೇಕು, ತಂತಿಯೂ ದಪ್ಪ ಇರಬೇಕು.

ಇಂದು ಸಂಜೆ 7ಕ್ಕೆ ಮೀಟರ್ ಓದಿ ಬರೆದಿಡಿ, ನಾಳೆ 7ಕ್ಕೆ ಮತ್ತೆ ಓದಿ. ನಿಮ್ಮ ಲೆಕ್ಕಕ್ಕೂ ಮೀಟರಿಗೂ ವ್ಯತ್ಯಾಸ ಬಂದರೆ ಫ್ರಿಜ್ಜನ್ನು ಮರೆತಿದ್ದೀರೋ ನೋಡಿ.